ಬೀಳುವ ಕಲ್ಲು, ಏಕರೂಪ ವೇಗ: ನಾನು ಲೆಕ್ಕ ಬಿಡಿಸುವ ಬಗೆ

ಬೀಳುವ ವಸ್ತುಗಳ ಲೆಕ್ಕ ಕೈಗೆತ್ತಿಕೊಂಡಾಗ, ಸೂತ್ರ ಬರೆಯುವುದಕ್ಕೆ ಮೊದಲೇ ನಾನು ಯಾವ ದಿಕ್ಕು ಧನ, ಯಾವ ಕ್ಷಣ ಸೊನ್ನೆ ಎಂಬುದನ್ನು ಹಾಳೆಯ ಮೇಲೆ ಗುರುತಿಸಿಕೊಳ್ಳುತ್ತೇನೆ. ಮೇಲ್ಮುಖ ದಿಕ್ಕನ್ನು ಧನವೆಂದು ಹಿಡಿದರೆ ಗುರುತ್ವ ವೇಗೋತ್ಕರ್ಷ, ಅಂದರೆ ಗುರುತ್ವದಿಂದಾಗಿ ಪ್ರತಿ ಸೆಕೆಂಡಿಗೆ ವೇಗ ಬದಲಾಗುವ ಪ್ರಮಾಣ, ಲೆಕ್ಕದ ಕೊನೆಯವರೆಗೂ -9.8 (ಮೀಟರ್/ಸೆಕೆಂಡ್²) ಆಗಿಯೇ ಉಳಿಯಬೇಕು. ಕಲ್ಲು ಏರುತ್ತಿರಲಿ, ಇಳಿಯುತ್ತಿರಲಿ, ತುತ್ತತುದಿಯಲ್ಲಿ ಅದರ ವೇಗ ಸೊನ್ನೆಯಾಗಿರಲಿ, ಆ ಚಿಹ್ನೆ ಬದಲಾಗುವುದಿಲ್ಲ.

ಏರುವ ಬಲೂನಿನ ಲೆಕ್ಕದಲ್ಲಿ ಈ ಶಿಸ್ತಿನ ಬೆಲೆ ತಿಳಿಯುತ್ತದೆ. ಸೆಕೆಂಡಿಗೆ 9.8 ಮೀಟರ್ ಏಕರೂಪ ವೇಗದಲ್ಲಿ ಏರುತ್ತಿರುವ ಬಲೂನು 39.2 ಮೀಟರ್ ಎತ್ತರದಲ್ಲಿದ್ದಾಗ ಅದರಿಂದ ಕಲ್ಲೊಂದನ್ನು ಬಿಟ್ಟರೆ, ಅದು ನೆಲ ಸೇರಲು ಎಷ್ಟು ಹೊತ್ತು ಹಿಡಿಯುತ್ತದೆ? ಸುಮ್ಮನೆ ಬಿಟ್ಟದ್ದು ಎಂದ ಮಾತ್ರಕ್ಕೆ ಆರಂಭಿಕ ವೇಗ ಸೊನ್ನೆಯಾಗದು. ಬಿಟ್ಟ ಕ್ಷಣದಲ್ಲಿ ಬಲೂನಿನ ವೇಗವೇ ಕಲ್ಲಿನ ವೇಗವೂ ಆಗಿರುತ್ತದೆ. ನೆಲ ಸೇರುವ ಹೊತ್ತನ್ನು t ಎಂದಿಟ್ಟು ಎತ್ತರದ ಸೂತ್ರದಲ್ಲಿ ಬೆಲೆಗಳನ್ನು ಹಾಕಿದರೆ 39.2 + 9.8t - 4.9t² = 0; ಇದನ್ನು 4.9ರಿಂದ ಭಾಗಿಸಿದರೆ ಬರುವ ವರ್ಗ ಸಮೀಕರಣಕ್ಕೆ 4 ಮತ್ತು -2 ಎಂಬ ಎರಡು ಮೂಲಗಳಿವೆ. ಉತ್ತರ 4 ಸೆಕೆಂಡ್. ಆದರೆ -2ನ್ನು ನಾನು ಹಾಗೆಯೇ ಹೊಡೆದುಹಾಕುವುದಿಲ್ಲ, ಏಕೆಂದರೆ ಅದಕ್ಕೂ ಅರ್ಥವಿದೆ: ಎರಡು ಸೆಕೆಂಡ್ ಮೊದಲು ನೆಲದಿಂದಲೇ ಸೆಕೆಂಡಿಗೆ 29.4 ಮೀಟರ್ ವೇಗದಲ್ಲಿ ಎಸೆದ ಕಲ್ಲು ಕೂಡ ಇದೇ ಎತ್ತರವನ್ನು ಇದೇ ವೇಗದಲ್ಲಿ ದಾಟುತ್ತಿತ್ತು.

ನನಗೆ ಅತ್ಯಂತ ಪ್ರಿಯವಾದದ್ದು ಎರಡು ಕಲ್ಲುಗಳ ಲೆಕ್ಕ. 80 ಮೀಟರ್ ಎತ್ತರದ ಗೋಪುರದಿಂದ ಒಂದು ಕಲ್ಲನ್ನು ಬಿಟ್ಟ ಕ್ಷಣದಲ್ಲೇ ಅದರ ನೇರ ಕೆಳಗಿನಿಂದ ಇನ್ನೊಂದನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ ಅವು ಯಾವಾಗ ಸಂಧಿಸುತ್ತವೆ? ಗಾಳಿಯ ತಡೆಯನ್ನು ಬಿಟ್ಟರೆ ಎರಡಕ್ಕೂ ಒಂದೇ ವೇಗೋತ್ಕರ್ಷ. ಆದ್ದರಿಂದ ಒಂದು ಕಲ್ಲಿನಿಂದ ನೋಡಿದಾಗ ಇನ್ನೊಂದರ ಚಲನೆಯಲ್ಲಿ ಗುರುತ್ವದ ಸುಳಿವೇ ಇರುವುದಿಲ್ಲ, ಅಂತರವು ಸೆಕೆಂಡಿಗೆ 20 ಮೀಟರಿನಂತೆ ಸಮನಾಗಿ ಕುಗ್ಗುತ್ತಾ ಹೋಗುತ್ತದೆ. 80ನ್ನು 20ರಿಂದ ಭಾಗಿಸಿದರೆ 4 ಸೆಕೆಂಡ್. ಬೀಳುವಿಕೆಯ ಲೆಕ್ಕ ಹೀಗೆ ಏಕರೂಪ ವೇಗದ ಲೆಕ್ಕವಾಗಿ ಬದಲಾಗುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇಷ್ಟಾದರೂ ಉತ್ತರವನ್ನು ನೆಲದ ಮೇಲೆ ನಿಂತು ಪರೀಕ್ಷಿಸಲೇಬೇಕು. 4 ಸೆಕೆಂಡಿನಲ್ಲಿ ಮೊದಲ ಕಲ್ಲು 78.4 ಮೀಟರ್ ಬಿದ್ದಿರುತ್ತದೆ, ಅಂದರೆ ಭೇಟಿ ನೆಲದಿಂದ ಕೇವಲ 1.6 ಮೀಟರ್ ಎತ್ತರದಲ್ಲಿ. ಅಷ್ಟರಲ್ಲಿ ಎರಡನೆಯದೂ ತುದಿ ಮುಟ್ಟಿ ಕೆಳಗಿಳಿಯುತ್ತಿರುತ್ತದೆ. ಎಸೆದ ವೇಗ 15 ಆಗಿದ್ದರೆ ಅದೇ ಭಾಗಾಕಾರ ಸುಮಾರು 5.3 ಸೆಕೆಂಡ್ ಎನ್ನುತ್ತದೆ, ಆದರೆ ಎಸೆದ ಕಲ್ಲು ಸುಮಾರು 3.1 ಸೆಕೆಂಡಿಗೇ ನೆಲಕ್ಕೆ ಮರಳಿರುವುದರಿಂದ ಗಾಳಿಯಲ್ಲಿ ಭೇಟಿ ಆಗುವುದೇ ಇಲ್ಲ. ಭೇಟಿ ನಡೆಯಬೇಕಾದರೆ ಎಸೆದ ವೇಗ ಸೆಕೆಂಡಿಗೆ ಸುಮಾರು 19.8 ಮೀಟರಿಗಿಂತ ಹೆಚ್ಚಿರಬೇಕು.