ಗೇಟಿನ ಬೋರ್ಡಿಗೆ ಸಮುದ್ರ ಮಟ್ಟ ಹುಡುಕಿದ ಕಥೆ

ಸೋಮವಾರಪೇಟೆ ಕಡೆ ತೋಟಗಳ ಸರ್ವೆ ಮಾಡುವುದು ನನ್ನ ಕೆಲಸ. ಒಬ್ಬ ಮಾಲೀಕರು ಹೋಮ್‌ಸ್ಟೇ ಗೇಟಿಗೆ ‘ಸಮುದ್ರ ಮಟ್ಟದಿಂದ ಇಷ್ಟು ಮೀಟರ್’ ಅಂತ ಬರೆಸಬೇಕು, ನೋಡಿಕೊಡಿ ಅಂದರು. ಉಪಗ್ರಹಗಳ ಸಿಗ್ನಲ್ ಹಿಡಿದು ಜಾಗ, ಎತ್ತರ ಹೇಳುವ ಡಿಜಿಪಿಎಸ್ ಮಷೀನ್ ಇಟ್ಟೆ, 1012 ಬಂತು. ಎತ್ತರದ ಗೆರೆಗಳಿರುವ ಸರ್ವೆ ನಕ್ಷೆ, ಅಂದರೆ ಟೋಪೋ ಶೀಟ್ ನೋಡಿದರೆ ಅದೇ ಜಾಗ 1100ರ ಗೆರೆಯ ಮೇಲಿದೆ!

ಮಷೀನ್ ಕೆಟ್ಟಿರಲಿಲ್ಲ. ಅದು ಅಳೆಯುವುದು ಭೂಮಿಯ ಆಕಾರ ಅಂತ ಲೆಕ್ಕಕ್ಕೆ ಇಟ್ಟುಕೊಂಡ, ತುಸು ಚಪ್ಪಟೆಯಾದ ನುಣುಪು ಗೋಳದಿಂದ, ಸಮುದ್ರದಿಂದ ಅಲ್ಲ. ನಮ್ಮ ಕಡೆ ಗುರುತ್ವ ಕಮ್ಮಿ, ಹಾಗಾಗಿ ಸಮುದ್ರ ಮಟ್ಟ ಆ ಗೋಳಕ್ಕಿಂತ 90 ಮೀಟರ್ ಹತ್ತಿರ ಕೆಳಗಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹೋದರೆ 100 ದಾಟುತ್ತದೆ. ನಮ್ಮ ಕಡೆಯ ಆ 90 ಸೇರಿಸಿದರೆ ಲೆಕ್ಕ ಸರಿ ಆಯ್ತು. ಆದರೆ ದಿನಕ್ಕೆರಡು ಸಲ ಏರಿ ಇಳಿಯುವ ಸಮುದ್ರಕ್ಕೆ ‘ಮಟ್ಟ’ ಎಲ್ಲಿಂದ ಬಂತು ಅನ್ನೋದು ತಲೆಯಲ್ಲೇ ಉಳೀತು.

ಅಮಾವಾಸ್ಯೆ ಹೊತ್ತಿಗೆ ಉಳ್ಳಾಲದ ಭಾವನ ಮನೆಗೆ ಹೋದಾಗ ಅಳೆದೇ ನೋಡಿದೆ. ಅಳಿವೆಯ ಕಟ್ಟೆಗೆ ಉದ್ದದ ಪಿವಿಸಿ ಪೈಪ್ ಕಟ್ಟಿ, ತಳ ಮುಚ್ಚಿ ಒಂದೇ ಸಣ್ಣ ತೂತು ಬಿಟ್ಟೆ. ಅಲೆ ಹೊರಗೆ ಎಷ್ಟೇ ಕುಣಿದರೂ ಪೈಪಿನೊಳಗೆ ನೀರು ನಿಧಾನ ಏರುತ್ತೆ. ಅರ್ಧ ಗಂಟೆಗೊಮ್ಮೆ ಓದಿ ಬರೆದುಕೊಂಡೆವು. ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ, ಹಾಗಾಗಿ ಎರಡು ಸುತ್ತು ಮುಗಿಸಲು 25 ಗಂಟೆ ಕೂರಬೇಕಾಯ್ತು. ರಾತ್ರಿ ಎರಡಕ್ಕೆ ಭಾವ, "ನಿಮ್ಮ ಊರಲ್ಲಿ ಕಾಫಿ ಅಳೆದುಕೊಂಡು ಇರಬಾರದಿತ್ತಾ ಮಾರಾಯ್ರೆ" ಅಂದರು.

ಸರಾಸರಿ ತೆಗೆದೆ, 112 ಸೆಂಟಿಮೀಟರ್. ಉಬ್ಬರ ಯಾವಾಗ, ಎಷ್ಟು ಎತ್ತರ ಅಂತ ಮೊದಲೇ ಲೆಕ್ಕ ಹಾಕಿಟ್ಟ ಉಬ್ಬರದ ಪಟ್ಟಿಯಲ್ಲಿರುವ ಎತ್ತರಗಳ ಜೊತೆ ಹೋಲಿಸಿದೆ, ತಾಳೆಯೇ ಆಗಲಿಲ್ಲ. ಸುಮ್ನೆ ತಲೆ ಕೆಡಿಸಿಕೊಂಡೆ. ನನ್ನ ಸೊನ್ನೆ ಪೈಪಿನ ತಳ. ಪಟ್ಟಿಯ ಸೊನ್ನೆ ಹಡಗಿನವರದ್ದು, ನೀರು ಅದಕ್ಕಿಂತ ಕೆಳಗೆ ಹೋಗುವುದೇ ಅಪರೂಪ ಅನ್ನುವಷ್ಟು ತಗ್ಗಿನ ಗುರುತು. ಆಳ ಇದೆ ಅಂತ ನಂಬಿ ಬಂದ ಹಡಗು ಮರಳಿಗೆ ತಾಗಬಾರದು ಅಲ್ವಾ? ಎತ್ತರದ ವ್ಯತ್ಯಾಸ ಅಳೆಯುವ ಲೆವೆಲ್ ಉಪಕರಣ ಹಿಡಿದು ಎರಡೂ ಸೊನ್ನೆಗಳನ್ನು ಒಂದೇ ಬೆಂಚ್ ಮಾರ್ಕಿಗೆ (ಎತ್ತರ ಗೊತ್ತಿರುವ ಕಾಯಂ ಗುರುತಿಗೆ) ಕಟ್ಟುವವರೆಗೆ ಹೋಲಿಸುವಂತಿದ್ದದ್ದು ಏರಿಳಿತದ ಅಂತರ ಮತ್ತು ಹೊತ್ತು ಮಾತ್ರ. ಅದರಲ್ಲೂ ಅಳಿವೆಯೊಳಗೆ ಉಬ್ಬರ ಪಟ್ಟಿಗಿಂತ ಅರ್ಧ ಗಂಟೆ ತಡವಾಗಿ ಬಂತು.

ಒಂದು ದಿನದ ಸರಾಸರಿ ‘ಸರಾಸರಿ ಸಮುದ್ರ ಮಟ್ಟ’ ಅಲ್ಲವೇ ಅಲ್ಲ. ಗಾಳಿ, ಮಳೆಗಾಲ ಎಲ್ಲ ಬೆರೆತಿರುತ್ತೆ. ಚಂದ್ರನ ದಾರಿ ಓಲಾಡಿ ಮತ್ತೆ ಮೊದಲಿನಂತಾಗಲು 18.6 ವರ್ಷ, ಅದಕ್ಕೇ ಸರಿಯಾಗಿ ಮಾಡುವವರು 19 ವರ್ಷದ ಲೆಕ್ಕ ತೆಗೆದುಕೊಳ್ಳುತ್ತಾರೆ. ನಮ್ಮ ಟೋಪೋ ಶೀಟಿನ ಎತ್ತರಗಳ ಬೇರು ಬ್ರಿಟಿಷರ ಕಾಲದಲ್ಲಿ ಸಮುದ್ರ ಮಟ್ಟ ಅಳೆದ ಒಂಬತ್ತು ಬಂದರುಗಳಲ್ಲಿದೆ, ಕಾರವಾರ ಮತ್ತು ಕೇರಳದ ಬೇಪೂರ್ ಅದರಲ್ಲಿ ಸೇರಿವೆ.

ಬೋರ್ಡಿಗೆ ಕೊನೆಗೆ 1100 ಅಂತಲೇ ಕೊಟ್ಟೆ. ‘ಸರಾಸರಿ’ ಅನ್ನೋದನ್ನೂ ಸೇರಿಸಿ ಅಂದೆ. ಪೇಂಟರ್ ಅಕ್ಷರಕ್ಕೆ ಜಾಸ್ತಿ ದುಡ್ಡು ಕೇಳಿದ, ಮಾಲೀಕರು ಬೇಡ ಅಂದರು.