ಹಳೇ ಅಡಿಗೆಮನೆ ಲುಕ್ ಬೇಕಾ? ಮೊದ್ಲು ನೆಲ ನೋಡಿ

ಶಿರಸಿ, ಸಿದ್ದಾಪುರ ಕಡೆ ಈಗ ಮನೆ ರಿಪೇರಿ ಮಾಡ್ಸೋರೆಲ್ಲಾ ಅಡಿಗೆಮನೆ ಅಜ್ಜನ ಕಾಲದ ಥರ ಇರ್ಲಿ ಅಂತಾರೆ, ಕೊನೆಗೆ ನೋಡಿದ್ರೆ ಬಿಳಿ ಟೈಲ್ಸ್ ಮೇಲೆ ಒಂದು ಬೀಸುಕಲ್ಲು, ಗೋಡೆಗೊಂದು ಮೊರ, ಅಷ್ಟೇ. ಕೆಂಪು ನೆಲ ಇಲ್ದೆ ಉಳಿದಿದ್ದೆಲ್ಲಾ ಬರೀ ಶೋಕೇಸು.

ಗೋಡೆಗೆ ಸುಣ್ಣ ಹೊಡ್ಸಿ, ಬುಡದಲ್ಲಿ ಒಂದು ಮೊಳ ಕೆಮ್ಮಣ್ಣು. ಹಂಚಿನ ಮಾಡಾದ್ರೆ ಒಲೆ ಕಟ್ಟೆ ಮೇಲೆ ನಾಲ್ಕು ಗಾಜಿನ ಹಂಚು ಹಾಕ್ಸಿ. ಮುಗೀತು.

ಈಗ ನೆಲ. ಇಡೀ ಕೋಣೆಗೆ ಬೇಕಾಗೋ ಸಿಮೆಂಟು, ರೆಡ್ ಆಕ್ಸೈಡು (ನೆಲಕ್ಕೆ ಕೆಂಪು ಕೊಡೋ ಬಣ್ಣದ ಪುಡಿ) ಎರಡನ್ನೂ ಒಂದೇ ಸಲ ಒಣಗಿದ್ದಾಗ್ಲೇ ಕಲಸಿ ಜರಡಿ ಹಿಡಿದು ಇಟ್ಕೊಳ್ಳಿ, ಆಗಾಗ ಕಲಸಿದ್ರೆ ಒಂದೊಂದು ಕಡೆ ಒಂದೊಂದು ಕೆಂಪು. 10 ಕೆಜಿ ಸಿಮೆಂಟಿಗೆ 1 ಕೆಜಿ ಮೇಲೆ ಆಕ್ಸೈಡು ಬೇಡ, ಜಾಸ್ತಿ ಆದ್ರೆ ನೆಲ ಗಟ್ಟಿ ಆಗಲ್ಲ, ಕಾಲಿಗೆಲ್ಲಾ ಬಣ್ಣ. ಕುಮಟಾ, ಕಾರವಾರದವ್ರು ಮರಳು ಎಲ್ಲಿಂದು ಅಂತ ಕೇಳಿ, ಉಪ್ಪುನೀರಿಂದಾದ್ರೆ ಕೆಂಪಿನ ಮೇಲೆ ಬಿಳಿ ಬಿಳಿ ಎದ್ದು ಬರತ್ತೆ.

ಕೆಲ್ಸ ಕೆಡೋದು ಇನ್ನು ಮುಂದೆ. ಕೆಳಗಿನ ಗಾರೆ ಬೆರಳು ಒತ್ತಿದ್ರೆ ಅಚ್ಚು ಬೀಳೋಷ್ಟು ಹಸಿ ಇರೋವಾಗ್ಲೇ ಆ ಕೆಂಪು ಸಿಮೆಂಟನ್ನ ನೀರಲ್ಲಿ ಕಲಸಿ ಮೇಲೆ ಎಳೀಬೇಕು, ಒಣಗಿದ ಮೇಲೆ ಎಳೆದ್ರೆ ಹಪ್ಪಳದ ಥರ ಏಳತ್ತೆ. ಕಿಟಕಿ ಮುಚ್ಚಿಡಿ, ಗಾಳಿ ಹೊಡೆದ್ರೆ ಬಿರುಕು. ಮೇಲಿನ ನೀರಿನ ಪಸೆ ಆರ್ತಿದ್ದ ಹಾಗೆ ಕರಣೆ ಹಿಡಿದು ತಿಕ್ಕಿ, ಸ್ವಲ್ಪ ಬಿಟ್ಟು ಮತ್ತೆ ತಿಕ್ಕಿ, ಹೊಳಪು ಬರೋವರೆಗೂ ತಿಕ್ತಾನೇ ಇರ್ಬೇಕು. ಮಧ್ಯ ಮೇಸ್ತ್ರಿ ಊಟಕ್ಕೆ ಎದ್ದು ಹೋದ್ರೆ ನಿಲ್ಲಿಸಿದ ಗೆರೆ ಜನ್ಮಪೂರ್ತಿ ಕಾಣತ್ತೆ, ಹಾಗಾಗಿ ಊಟ ಹಾಕಿಯೇ ಕೆಲ್ಸ ಶುರು ಮಾಡ್ಸಿ. ಬೇಗ ಒಣಗ್ಲಿ ಅಂತ ಕೆಲವ್ರು ಮೇಲೆ ಒಣ ಸಿಮೆಂಟು ಉದುರಿಸ್ತಾರೆ, ಬಿಡ್ಬೇಡಿ, ಜೇಡರಬಲೆ ಹಾಗೆ ಸಣ್ಣ ಸಣ್ಣ ಸೀಳು ಬರತ್ತೆ. ಮರುದಿನದಿಂದ 7 ದಿನ ನೀರು ನಿಲ್ಸಿ. ಪೂರ್ತಿ ಒಣಗಿದ ಮೇಲೆ ಬಟ್ಟೇಲಿ ತೆಂಗಿನೆಣ್ಣೆ ಒರೆಸ್ತಾ ಬನ್ನಿ, ಹಳೇದಾದಷ್ಟೂ ಚಂದ. ಅಪ್ಪೆಹುಳಿ, ಲಿಂಬು ಚೆಲ್ಲಿದ್ರೆ ತಕ್ಷಣ ಒರೆಸಿ, ಹುಳಿ ಸಿಮೆಂಟನ್ನ ತಿನ್ನತ್ತೆ.

ಇಷ್ಟೆಲ್ಲಾ ಯಾಕೆ ಅಂತ ಡಬ್ಬಿ ಪೇಂಟು ಬಳಿಯೋರಿದ್ದಾರೆ, ಒಲೆ ಮುಂದೆ ನಿಲ್ಲೋ ಜಾಗದಲ್ಲೇ ಮೊದ್ಲು ಕಿತ್ತು ಬರತ್ತೆ.

ನಾಗಂದಿಗೆಗೆ, ಅಂದ್ರೆ ಗೋಡೆಲಿ ಪಾತ್ರೆ ಇಡೋ ಹಲಗೆಗೆ, ಹಲಸಿನ ಮರನೇ ಬೇಕು, ಪ್ಲೈವುಡ್ಡಿಗೆ ಮರದ ಸ್ಟಿಕ್ಕರ್ ಅಂಟಿಸೋದಾದ್ರೆ ಬೇಡ್ವೇ ಬೇಡ. ಹಳೇ ಮನೆ ಕಿತ್ತ ಮರ ತಗೊಳ್ಳೋದಾದ್ರೆ ಬಡಿದು ನೋಡಿ, ಒರಲೆ ತಿಂದಿದ್ರೆ ಟೊಳ್ಳು ಶಬ್ದ ಬರತ್ತೆ. ಸಿಕ್ಕ (ಗಡಿಗೆ ಇಡೋ ಹಗ್ಗದ ನೆಲುವು) ತೂಗಾಕೋದಾದ್ರೆ ಜಂತಿಗೆ ಕಟ್ಟಿ, ಜಿಪ್ಸಮ್ ಸೀಲಿಂಗಿಗಲ್ಲ, ಮಜ್ಜಿಗೆ ಗಡಿಗೆ ಸಮೇತ ಕೆಳಗೆ ಬರತ್ತೆ.