ಅಂತರಗಂಗೆಗೆ ಉಪ್ಪುನೀರು ಕುಡಿಸಿದೆ

ಕಲ್ಯಾಣಪುರದ ಕೆಳಗೆ ಸ್ವರ್ಣಾ ನದಿಗೆ ಸೇರುವ ನಮ್ಮ ತೋಡನ್ನು, ಅಂದರೆ ಸಣ್ಣ ಹಳ್ಳವನ್ನು, ಮುಚ್ಚಿದ್ದ ಅಂತರಗಂಗೆ ಎಂಬ ತೇಲುವ ಕಳೆ ಹೋಗಿ ಈ ವರ್ಷ ನೀರು ಕಾಣುತ್ತಿದೆ. "ಉಪ್ಪುನೀರು ಬಿಟ್ಟರೆ ಬೈಲುಗದ್ದೆ ಹಾಳು ಮಾರಾಯರೇ" ಎಂದವರೇ ಈಗ ಕಿಂಡಿ ಅಣೆಕಟ್ಟಿನ ಹಲಗೆ ಯಾವಾಗ ತೆಗೆಯಬೇಕೆಂದು ಕೇಳಲು ಬರುತ್ತಿದ್ದಾರೆ.

ಹಣ ಹೋದ ಕಥೆ ಮೊದಲು. ಜೆಸಿಬಿಗೆ ಗಂಟೆಗೆ ಸಾವಿರದ ಇನ್ನೂರರಂತೆ ಹತ್ತಿರ ಹತ್ತಿರ 30,000 ಸುರಿದೆವು. ದಂಡೆಯ ಮೇಲಿನ ರಾಶಿಯನ್ನು ಮೊದಲ ಮಳೆಯೇ ಮರಳಿ ತೋಡಿಗೆ ನೂಕಿತು. ಆಮೇಲೆ ಆಳುಗಳು, ಸಂಬಳ, ಊಟ ಸೇರಿ 40,000ದ ಆಸುಪಾಸು. ತುಂಡೊಂದು ಉಳಿದರೂ ಎರಡು ವಾರದಲ್ಲಿ ಇಮ್ಮಡಿಯಾಗುವ ಗಿಡ ಅದು. ದೀಪಾವಳಿಗೆ ಮತ್ತೆ ತೋಡು ತುಂಬ ನೇರಳೆ ಹೂ, ಫೋಟೊ ತೆಗೆಯಲು ಬರುವವರು ಬೇರೆ! ಬೆಂಗಳೂರಿನ ಕೆರೆಗಳಿಗೆ 1980ರ ದಶಕದಲ್ಲಿ ಬಿಟ್ಟ ಸೊಂಡಿಲು ಹುಳವನ್ನೂ ವಿಚಾರಿಸಿದೆ. ಅದು ತಿಂದು ಮುಗಿಸಲು ವರ್ಷಗಳು ಬೇಕು, ನನಗೆ ಅಷ್ಟು ತಾಳ್ಮೆಯಿಲ್ಲ.

ಕೇರಳದ ವೇಂಬನಾಡು ಸರೋವರದಲ್ಲಿ ಉಪ್ಪುನೀರು ತಡೆಯುವ ತಣ್ಣೀರ್‌ಮುಕ್ಕಂ ಒಡ್ಡಿನ ಬಾಗಿಲು ತೆರೆದು ಉಪ್ಪುನೀರು ಒಳಬಂದರೆ ಅಲ್ಲಿನ ಅಂತರಗಂಗೆ ಸಾಯುತ್ತದೆ. ನಮಗೂ ಕಿಂಡಿ ಅಣೆಕಟ್ಟು ಇದೆ, ಉಬ್ಬರವೂ ಇದೆ. ಎರಡನೇ ಭತ್ತದ ಬೆಳೆ ಸುಗ್ಗಿ ಮುಗಿದು, ಬೇಸಿಗೆಯ ಮೂರನೇ ಬೆಳೆ ಕೊಳಕೆಯನ್ನು ಯಾರೂ ಬೆಳೆಯದೆ ಮೇ ತಿಂಗಳಲ್ಲಿ ಬೈಲು ಬರಿದಾಗಿರುತ್ತದೆ. ಮೊದಲು ಮುಕ್ಕಾಲು ಪಾಲನ್ನು ಎಳೆದು ದೂರ ಸಾಗಿಸಿದೆವು. ಎಳೆಯದೆ ಬಿಟ್ಟರೆ ಸತ್ತ ಗಿಡ ಅಲ್ಲೇ ಕೊಳೆತು ನೀರು ಕಪ್ಪಾಗುತ್ತದೆ, ಮೀನು ತೇಲುತ್ತದೆ. ಹುಣ್ಣಿಮೆಯ ಉಬ್ಬರಕ್ಕೆ ಹಲಗೆ ತೆಗೆದೆ. ವಾರದೊಳಗೆ ಎಲೆಯಂಚು ಸುಟ್ಟಂತಾಯಿತು, ಮತ್ತೆರಡು ವಾರಕ್ಕೆ ಉಳಿದದ್ದು ಮುಳುಗಿತು. ಜೂನ್ ಮಳೆ ಉಪ್ಪನ್ನೆಲ್ಲ ತೊಳೆದುಕೊಂಡು ಹೋಯಿತು, ಏಣೆಲಿನ, ಅಂದರೆ ಮಳೆಗಾಲದ ಬೆಳೆಯ, ಎಂಒ-4 ಭತ್ತ ಎಂದಿನಂತೆಯೇ ಬಂತು. ಎಷ್ಟು ಹಲಗೆ, ಎಷ್ಟು ಹೊತ್ತು ಎಂಬುದನ್ನು ಮಾತ್ರ ಬರೆಯುವುದಿಲ್ಲ. ತೋಡಿನಿಂದ ತೋಡಿಗೆ ಅದು ಬೇರೆ, ಬಾವಿ ಹತ್ತಿರವಿದ್ದರೆ ಇನ್ನೂ ಬೇರೆ. ಬೇಕಾದವರು ಮನೆಗೆ ಬನ್ನಿ.

ಎಳೆದದ್ದನ್ನು ದನಕ್ಕೆ ಹಾಕಿ ನೋಡಿದೆ: ತಿಂದಿತು, ಸಗಣಿ ನೀರಾಯಿತು, ನಿಲ್ಲಿಸಿದೆ. ಒಣಗಿಸಿದರೆ ಟೆಂಪೊ ಲೋಡು ನಾಲ್ಕು ಬುಟ್ಟಿಗೆ ಇಳಿಯುತ್ತದೆ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ ತಾನೆ! ಸಗಣಿ ಬೆರೆಸಿ ಕೊಳೆಸಿದ ಗೊಬ್ಬರವನ್ನು ಶಂಕರಪುರದ ನೆಂಟರು ಮಲ್ಲಿಗೆ ಬುಡಕ್ಕೆ ಹಾಕಿದರು. ಈಗ ಹಣ ಕೊಟ್ಟು ಕೇಳುತ್ತಿದ್ದಾರೆ.

ಈ ಸಲದ ಒಟ್ಟು ಖರ್ಚು 18,000ದ ಒಳಗೆ, ಗೊಬ್ಬರದಿಂದ ಮೂರು ನಾಲ್ಕು ಸಾವಿರ ವಾಪಸು. ಕೆಸರಿನಲ್ಲಿರುವ ಬೀಜ ಹತ್ತಿಪ್ಪತ್ತು ವರ್ಷ ಬದುಕಿರುತ್ತದೆ. ಹಾಗಾಗಿ ಚೌತಿ ಕಳೆದ ಮೇಲೆ ಕೇರಿಯ ಹುಡುಗರು ಬಲೆ ಹಿಡಿದು ಎಳೆ ಗಿಡ ಹೆಕ್ಕುತ್ತಾರೆ. ಕೂಲಿ ಚಹಾ ಮತ್ತು ಗೋಳಿಬಜೆ.